ಜಾಸ್ತಿ ನೀರು ಕುಡಿದು ಸೋಡಿಯಂ ಇಳಿದರೆ: ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: ನೀರು ಚೆನ್ನಾಗಿ ಕುಡೀರಿ. ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಕೆಲವರಿಗೆ, ಕೆಲವು ಸಂದರ್ಭಗಳಲ್ಲಿ, ಆ ನೀರೇ ಮಿತಿಮೀರಿ ರಕ್ತದ ಸೋಡಿಯಂ ಜೀವಕ್ಕೆ ಕುತ್ತು ತರುವಷ್ಟು ಇಳಿಯುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಗುರುತಿಸದೆ ಇನ್ನಷ್ಟು ನೀರು ಕುಡಿಸಿದರೆ ಕೈಮೀರುತ್ತದೆ. ವಾರ್ಡಿನಲ್ಲಿ ರೋಗಿಗಳ ಮನೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಿಮ್ಮೆದುರು ಈಗ ಯಾರಿಗಾದರೂ ಫಿಟ್ಸ್ ಬರುತ್ತಿದ್ದರೆ, ಕೂಗಿದರೂ ಎಚ್ಚರವಾಗದಿದ್ದರೆ, ಇದನ್ನು ಓದುತ್ತಾ ಕೂರಬೇಡಿ. ಮೊದಲು 108ಕ್ಕೆ ಫೋನ್ ಮಾಡಿ.

ನೀರು ಕುಡಿದರೂ ಅಪಾಯ ಆಗುತ್ತಾ?

ಆಗುತ್ತದೆ. ಆರೋಗ್ಯವಾಗಿ ಊಟ ಮಾಡಿಕೊಂಡು, ಬಾಯಾರಿದಾಗ ಕುಡಿಯುವವರಿಗೆ ಅಪರೂಪ, ಅಷ್ಟೆ.

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಈಕ್ವಿವಲೆಂಟ್ ಇರಬೇಕು. 135ಕ್ಕಿಂತ ಕೆಳಗಿಳಿದರೆ ಡಾಕ್ಟರುಗಳು ಹೈಪೋನೇಟ್ರೀಮಿಯಾ ಅನ್ನುತ್ತಾರೆ. 130ರ ಮೇಲಿದ್ದರೆ ಸೌಮ್ಯ, 125ಕ್ಕಿಂತ ಕಡಿಮೆ ಇದ್ದರೆ ತೀವ್ರ. ಆದರೆ ಬರೀ ನಂಬರ್ ನೋಡಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ. ಎಷ್ಟು ಬೇಗ ಇಳಿಯಿತು ಅನ್ನುವುದು ಅದಕ್ಕಿಂತ ಮುಖ್ಯ. ವಾರಗಟ್ಟಲೆ ನಿಧಾನವಾಗಿ 118ಕ್ಕೆ ಇಳಿದವರು ನಡೆದುಕೊಂಡೇ ಓಪಿಡಿಗೆ ಬರಬಹುದು. ಮೂರು ನಾಲ್ಕು ಗಂಟೆಯಲ್ಲಿ 124ಕ್ಕೆ ಇಳಿದವರಿಗೆ ಫಿಟ್ಸ್ ಬರಬಹುದು.

ಕಾರಣ ಇಷ್ಟು. ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಅವು ಊದಿಕೊಳ್ಳುತ್ತವೆ. ಕೈಕಾಲಿನಲ್ಲಿ ಊದಿಕೊಂಡರೆ ಜಾಗ ಇದೆ. ತಲೆಬುರುಡೆಯೊಳಗೆ ಮಿದುಳು ಊದಿಕೊಂಡರೆ ಜಾಗ ಇಲ್ಲ. ನಿಧಾನವಾಗಿ ಇಳಿದರೆ ಮಿದುಳು ಒಂದೆರಡು ದಿನದಲ್ಲಿ ತನ್ನೊಳಗಿನ ಲವಣಗಳನ್ನು ಹೊರಹಾಕಿ ಊತ ತಗ್ಗಿಸಿಕೊಳ್ಳುತ್ತದೆ. ಈ ಹೊಂದಾಣಿಕೆಯ ವಿಷಯ ನೆನಪಿರಲಿ, ಚಿಕಿತ್ಸೆಯ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಸೋಡಿಯಂ ಕಮ್ಮಿ ಅಂದ್ರೆ ಉಪ್ಪು ಕಮ್ಮಿ ತಿಂದಿದ್ದಾರೆ ಅಂತ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹಾಗಲ್ಲ. ಮಾಡಿಟ್ಟ ಉಪ್ಪೆಸರಿಗೆ ಎರಡು ಚೊಂಬು ನೀರು ಸುರಿದರೆ ಸಪ್ಪೆಯಾಗುತ್ತದೆ. ಹಾಕಿದ ಉಪ್ಪು ಎಲ್ಲೂ ಹೋಗಿಲ್ಲ, ನೀರು ಜಾಸ್ತಿಯಾಗಿದೆ. ಇಲ್ಲೂ ಅದೇ. ಆದ್ದರಿಂದ ಮೊದಲ ಮದ್ದು ಉಪ್ಪು ಸುರಿಯುವುದಲ್ಲ, ನೀರು ನಿಲ್ಲಿಸುವುದು. ವಾಂತಿ ಭೇದಿಯಾಗಿ, ಇಲ್ಲವೇ ಬಿಪಿ ಮಾತ್ರೆಯಿಂದ, ಮೈಯ ಉಪ್ಪು ನಿಜಕ್ಕೂ ಹೋಗಿರುವವರೂ ಇದ್ದಾರೆ. ಅವರಿಗೆ ಚಿಕಿತ್ಸೆ ಬೇರೆ. ಯಾರಿಗೆ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲಾಗದು.

ಹಾಗಾದ್ರೆ ಎಷ್ಟು ಕುಡಿದರೆ ಜಾಸ್ತಿ?

ಒಂದೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಆರೋಗ್ಯವಂತರ ಕಿಡ್ನಿ ಗಂಟೆಗೆ ಹೆಚ್ಚೆಂದರೆ 800 ಮಿಲಿಯಿಂದ ಒಂದು ಲೀಟರ್‌ವರೆಗೆ ನೀರು ಹೊರಹಾಕಬಲ್ಲದು. ಅದಕ್ಕಿಂತ ಜೋರಾಗಿ ಗಂಟೆಗಟ್ಟಲೆ ಕುಡಿದರೆ ನೀರು ಒಳಗೇ ಉಳಿಯುತ್ತದೆ. 2007ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ಊರಿನ ಒಂದು ರೇಡಿಯೊ ಸ್ಟೇಷನ್, ನೀರು ಕುಡಿಯುತ್ತಾ ಮೂತ್ರಕ್ಕೆ ಹೋಗದೆ ತಡೆದುಕೊಳ್ಳುವ ಸ್ಪರ್ಧೆ ನಡೆಸಿತ್ತು. ಭಾಗವಹಿಸಿದ್ದ ಒಬ್ಬ ಮಹಿಳೆ ತುಂಬಾ ತಲೆನೋವು ಅಂತ ಹೇಳಿ ಮನೆಗೆ ಹೋದರು. ಅದೇ ದಿನ ತೀರಿಕೊಂಡರು.

ಇನ್ನು ಊಟದ ವಿಷಯ. ಎಷ್ಟೇ ತೆಳ್ಳಗಿದ್ದರೂ ಮೂತ್ರದಲ್ಲಿ ಸ್ವಲ್ಪ ಉಪ್ಪು, ಸ್ವಲ್ಪ ಯೂರಿಯಾ ಇರಲೇಬೇಕು. ಬರೀ ನೀರನ್ನು ಕಿಡ್ನಿ ಹೊರಹಾಕಲಾರದು. ಉಪ್ಪು, ಯೂರಿಯಾ ಬರುವುದು ನಾವು ತಿನ್ನುವ ಉಪ್ಪು, ಬೇಳೆ, ಕಾಳು, ಮೊಟ್ಟೆ, ಮಾಂಸದಿಂದ. ಮುದ್ದೆ, ಸಾರು, ಕಾಳು ಚೆನ್ನಾಗಿ ತಿನ್ನುವವರು ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರು ಹೊರಹಾಕಬಲ್ಲರು. ಸಪ್ಪೆ ಗಂಜಿ, ಟೀ, ಬನ್ನು ಅಂತ ದಿನ ತಳ್ಳುವ ವಯಸ್ಸಾದವರ ಮಿತಿ ನಾಲ್ಕು ಲೀಟರಿನ ಆಸುಪಾಸಿಗೆ ಇಳಿದುಬಿಡುತ್ತದೆ. ಅವರಿಗೆ ಸುಸ್ತಾಗುತ್ತದೆ. ಸುಸ್ತು ಅಂತ ಮನೆಯವರು ಇನ್ನಷ್ಟು ನೀರು, ಎಳನೀರು ಕೊಡುತ್ತಾರೆ.

ಮೂರನೆಯದು ನೀರು ಹಿಡಿದಿಡುವ ಹಾರ್ಮೋನು, ಎಡಿಎಚ್. ನೋವು, ವಾಂತಿ, ಆಪರೇಷನ್, ನ್ಯುಮೋನಿಯಾ, ಉದ್ದದ ಓಟ, ಕೆಲವು ಮಾತ್ರೆಗಳು ಇದನ್ನು ಏರಿಸುತ್ತವೆ. ಏರಿದಾಗ ಕಿಡ್ನಿ ನೀರು ಬಿಟ್ಟುಕೊಡುವುದೇ ಇಲ್ಲ. ಅಂಥವರಿಗೆ ದಿನಕ್ಕೆ ಎರಡು ಮೂರು ಲೀಟರೂ ಜಾಸ್ತಿಯೇ.

ಯಾರು ಹುಷಾರಾಗಿರಬೇಕು?

ನಾನು ಮೊದಲು ಹೇಳುವುದು ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದ ಹೆಂಗಸರ ಬಗ್ಗೆ. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಅನ್ನುವ ಮಾತ್ರೆಗಳು ಸೋಡಿಯಂ ಇಳಿಸಬಲ್ಲವು. ಎಷ್ಟೋ ಸಲ ಇವು ಒಂಟಿಯಾಗಿರುವುದಿಲ್ಲ, ಬೇರೆ ಬಿಪಿ ಔಷಧಿಯ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ಅದಕ್ಕೇ ಅಜ್ಜಿಯನ್ನು ಕರೆತರುವಾಗ ಮಾತ್ರೆಯ ಹೆಸರು ನೆನಪಿಸಿಕೊಂಡು ಹೇಳುವುದು ಬೇಡ. ಮನೆಯಲ್ಲಿ ವೈರ್ ಬುಟ್ಟಿಯಲ್ಲೋ ಪ್ಲಾಸ್ಟಿಕ್ ಕವರಿನಲ್ಲೋ ಇಟ್ಟಿರುವ ಅಷ್ಟೂ ಮಾತ್ರೆ ಪಟ್ಟಿಗಳನ್ನು, ಖಾಲಿಯಾದವನ್ನೂ ಸೇರಿಸಿ, ತಂದು ಮೇಜಿನ ಮೇಲೆ ಸುರಿಯಿರಿ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೇನು ಎಷ್ಟೆಷ್ಟು ಮಿಲಿಗ್ರಾಂ ಇದೆ ಅಂತ ಅಚ್ಚಾಗಿರುತ್ತದೆ. ಅರ್ಧ ರೋಗನಿರ್ಣಯ ಅಲ್ಲೇ ಆಗುವುದುಂಟು.

ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸೆರ್ಟ್ರಲಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಮಕ್ಕಳು ಹಾಸಿಗೆಯಲ್ಲಿ ಮೂತ್ರ ಮಾಡುವುದಕ್ಕೆ ಕೊಡುವ ಡೆಸ್ಮೋಪ್ರೆಸಿನ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನಂತೂ ಖಂಡಿತ ಬೇಡ. ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದೂವರೆ ಲೀಟರ್ ಕುಡಿದರೆ ಎಲ್ಲಾ ಕಾಯಿಲೆ ಹೋಗುತ್ತಂತೆ?

ಹೋಗುವುದಿಲ್ಲ. ಒಂದೆರಡು ಲೋಟ ಕುಡಿಯಿರಿ, ಸಾಕು.

ಕಿಡ್ನಿ ಸ್ಟೋನ್ ಇದೆ. ಡಾಕ್ಟ್ರೇ ಜಾಸ್ತಿ ನೀರು ಕುಡಿ ಅಂದಿದ್ದಾರೆ. ಏನು ಮಾಡಲಿ?

ಅವರು ಹೇಳಿದ್ದು ಸರಿ, ಕುಡಿಯಿರಿ. ಅಲ್ಲಿ ಗುರಿ ಕುಡಿದ ನೀರಿನ ಲೆಕ್ಕವಲ್ಲ, ದಿನಕ್ಕೆ ಸುಮಾರು ಎರಡೂವರೆ ಲೀಟರ್ ಮೂತ್ರ ಆಗಬೇಕು ಅನ್ನುವುದು. ಒಂದು ದಿನ ಅಳತೆಯ ಜಗ್ಗಿನಲ್ಲಿ ಹಿಡಿದು ನೋಡಿ, ನಿಮಗೇ ಅಂದಾಜು ಸಿಗುತ್ತದೆ. ನೀರನ್ನು ಇಡೀ ದಿನಕ್ಕೆ ಹಂಚಿ, ಊಟದ ಜೊತೆ ಕುಡಿಯಿರಿ. ಕಲ್ಲಿನ ನೋವು ಬಂದು ವಾಂತಿಯಾಗುತ್ತಿರುವಾಗ ಕಲ್ಲು ಕೊಚ್ಚಿಕೊಂಡು ಹೋಗಲಿ ಅಂತ ಗಟಗಟ ಕುಡಿಯುವುದು ಮಾತ್ರ ಬೇಡ. ಆ ಹೊತ್ತಿನಲ್ಲಿ ಎಡಿಎಚ್ ಏರಿರುತ್ತದೆ, ನೀರು ಹೊರಗೆ ಹೋಗುವುದಿಲ್ಲ.

ಲಕ್ಷಣಗಳು ಹೇಗಿರುತ್ತವೆ?

ಶುರುವಿನಲ್ಲಿ ವಾಕರಿಕೆ, ತಲೆನೋವು, ಮಂಕು. ಆಮೇಲೆ ವಾಂತಿ, ತಡವರಿಸುವ ನಡಿಗೆ, ಅಸಂಬದ್ಧ ಮಾತು. ಮಗನನ್ನು ತಮ್ಮನ ಹೆಸರಿನಲ್ಲಿ ಕರೆಯುವುದು, ಈಗಷ್ಟೇ ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಕೇಳುವುದು, ಹೀಗೆ. "ವಯಸ್ಸಾಯ್ತು, ಅರಳುಮರಳು" ಅಂತ ಬಿಟ್ಟುಬಿಡುತ್ತಾರೆ. ನಿನ್ನೆ ಸರಿಯಿದ್ದವರು ಇವತ್ತು ಹೀಗಾಡಿದರೆ ಅದು ಅರಳುಮರಳಲ್ಲ. ಕೊನೆಯ ಹಂತ ಫಿಟ್ಸ್, ಎಚ್ಚರ ತಪ್ಪುವುದು, ಉಸಿರಾಟ ನಿಲ್ಲುವುದು. ನಿಧಾನವಾಗಿ ಇಳಿದವರಲ್ಲಿ ಪದೇ ಪದೇ ಬೀಳುವುದೊಂದೇ ಲಕ್ಷಣ ಆಗಿರಬಹುದು. ಸೊಂಟ ಮುರಿದುಕೊಂಡು ಬಂದವರ ರಕ್ತ ನೋಡಿದಾಗ ಸೋಡಿಯಂ ಕಡಿಮೆ ಇರುವುದುಂಟು.

ಬಿಸಿಲಿನ ಹೊಡೆತವೋ, ನೀರು ಜಾಸ್ತಿಯಾದದ್ದೋ, ಹೇಗೆ ಗೊತ್ತಾಗುತ್ತೆ?

ಕಬ್ಬಿನ ಗದ್ದೆಯಲ್ಲಿ ಮಧ್ಯಾಹ್ನದವರೆಗೆ ದುಡಿದವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರು ತಲೆನೋವು, ವಾಕರಿಕೆ ಅಂದರೆ ಎಲ್ಲರೂ ಮೊದಲು ನೀರಿನ ಬಾಟ್ಲು ಹಿಡಿಸುತ್ತಾರೆ. ಹೆಚ್ಚಿನ ಸಲ ಅದು ಸರಿಯೇ. ಆದರೆ ಒಂದು ನಿಮಿಷ ತಡೆದು ಎರಡು ಮಾತು ಕೇಳಿ: ಇಷ್ಟು ಹೊತ್ತು ಎಷ್ಟು ಕುಡಿದಿದ್ದೀರಿ? ಮೂತ್ರಕ್ಕೆ ಹೋಗಿದ್ದೀರಾ?

ನೀರು ಕಡಿಮೆಯಾದವರಿಗೆ ನಾಲಿಗೆ ಒಣಗಿರುತ್ತದೆ, ಬಾಯಾರಿಕೆ ಇರುತ್ತದೆ, ಮೂತ್ರ ಕಡುಹಳದಿ. ಬಿಸಿಲಿನ ಹೊಡೆತದಲ್ಲಿ ಮೈ ಕೆಂಡದಂತೆ ಸುಡುತ್ತದೆ, ಜ್ವರದ ಕಡ್ಡಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಜಾಸ್ತಿಯಾದವರಿಗೆ ಬಾಯಾರಿಕೆ ಇರುವುದಿಲ್ಲ, ಹೊಟ್ಟೆಯಲ್ಲಿ ನೀರು ಕುಲುಕಾಡುತ್ತದೆ, ಬೆರಳು ಊದಿ ಉಂಗುರ ಬಿಗಿಯುತ್ತದೆ, ತೂಕ ಏರಿರುತ್ತದೆ. ಮೂತ್ರ ತಿಳಿಯಾಗಿ ಇರಬಹುದು, ಇಲ್ಲದೆಯೂ ಇರಬಹುದು. ಎಡಿಎಚ್ ಏರಿದ್ದರೆ ಮೂತ್ರ ಗಟ್ಟಿಯಾಗಿಯೇ ಬರುತ್ತದೆ, ಆದ್ದರಿಂದ ಬಣ್ಣ ಒಂದನ್ನೇ ನಂಬಬೇಡಿ. ಸಂಶಯ ಬಂದರೆ ರಕ್ತ ಪರೀಕ್ಷೆಯೇ ದಾರಿ.

ಮನೆಯಲ್ಲಿ ಏನು ಮಾಡಬೇಕು?

ನೀರು, ಎಳನೀರು, ಜ್ಯೂಸ್, ಟೀ, ಎಲ್ಲವನ್ನೂ ನಿಲ್ಲಿಸಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಯಾವುದೂ ಬೇಡ. ಗಡಿಯಾರ ನೋಡಿ, ಎಷ್ಟು ಹೊತ್ತು ಬಂತು ಅಂತ ನೆನಪಿಟ್ಟುಕೊಳ್ಳಿ. ಎಲೆಕ್ಟ್ರೋಲೈಟ್ ಪರೀಕ್ಷೆಯೂ ಐಸಿಯುವೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಮೈಸೂರಿನಲ್ಲಿ ಸರ್ಕಾರಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ.

ದಾರಿಯಲ್ಲಿ ಕ್ಲಿನಿಕ್‌ನಲ್ಲಿ ಒಂದು ಬಾಟ್ಲು ಗ್ಲೂಕೋಸ್ ಹಾಕಿಸಿಕೊಂಡು ಹೋದರೆ?

ದಯವಿಟ್ಟು ಬೇಡ. ಈ ಒಂದು ಉತ್ತರ ಎಲ್ಲರಿಗೂ ತಲುಪಬೇಕು ಅನ್ನುವುದು ನನ್ನ ಆಸೆ.

ನಮ್ಮ ಕಡೆ ಸುಸ್ತು ಅಂದರೆ ಗ್ಲೂಕೋಸ್. ಡಾಕ್ಟರ್ ಬೇಡ ಅಂದರೂ "ಒಂದು ಬಾಟ್ಲು ಹಾಕ್ಬುಡಿ ಸಾ, ತೆಂಪಾಗ್ಲಿ" ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ಬಾಟಲಿಯ ಲೇಬಲ್ ಮೇಲೆ ಡೆಕ್ಸ್‌ಟ್ರೋಸ್ 5 ಪರ್ಸೆಂಟ್ ಅಂತ ಅಚ್ಚಾಗಿರುತ್ತದೆ. ಸೋಡಿಯಂ ಅದರಲ್ಲಿ ಒಂಚೂರೂ ಇಲ್ಲ. ಒಳಗಿನ ಸಕ್ಕರೆಯನ್ನು ಮೈ ಬೇಗ ಬಳಸಿಕೊಳ್ಳುತ್ತದೆ, ಮಿಕ್ಕಿದ್ದು ನೀರು. ಆಗಲೇ ನೀರು ತುಂಬಿರುವ ಮೈಗೆ ನರದ ಮೂಲಕ ಇನ್ನೂ ಅರ್ಧ ಲೀಟರ್ ನೀರು ಹಾಕಿದ ಹಾಗಾಯಿತು.

ಸಲೈನ್ ಅನ್ನುವುದು ಬೇರೆ. 0.9 ಪರ್ಸೆಂಟ್ ನಾರ್ಮಲ್ ಸಲೈನಿನಲ್ಲಿ ಲೀಟರಿಗೆ 154 ಮಿಲಿಈಕ್ವಿವಲೆಂಟ್ ಸೋಡಿಯಂ ಇದೆ. ವಾಂತಿ ಭೇದಿಯಿಂದ ಉಪ್ಪು ನೀರು ಎರಡೂ ಹೋದವರಿಗೆ ಒಳ್ಳೆಯದು. ಆದರೆ ಎಡಿಎಚ್ ಏರಿರುವವರಲ್ಲಿ ಕಿಡ್ನಿ ಉಪ್ಪನ್ನು ಹೊರಗೆ ಕಳಿಸಿ ನೀರನ್ನು ಉಳಿಸಿಕೊಳ್ಳುತ್ತದೆ, ಸೋಡಿಯಂ ಇನ್ನೂ ಇಳಿಯಬಹುದು. ಜೀವಕ್ಕೆ ಅಪಾಯ ಇರುವಾಗ ಬೇಕಾಗುವುದು 3 ಪರ್ಸೆಂಟ್ ಸಲೈನ್. ಅದರಲ್ಲಿ ಲೀಟರಿಗೆ 513 ಇದೆ. ಅದನ್ನು ಹತ್ತಿರದಲ್ಲೇ ಕೂತು ನೋಡುವವರು ಇರುವ ಕಡೆಯೇ ಹಾಕಬೇಕು.

ಆಸ್ಪತ್ರೆಯಲ್ಲಿ ಯಾವ ಯಾವ ಪರೀಕ್ಷೆ ಮಾಡುತ್ತಾರೆ?

ಮೊದಲಿಗೆ ಸೀರಮ್ ಎಲೆಕ್ಟ್ರೋಲೈಟ್ಸ್. ರಕ್ತದ ಗ್ಯಾಸ್ ನೋಡುವ ಎಬಿಜಿ ಮಷೀನ್ ಇದ್ದರೆ ಕೆಲವೇ ನಿಮಿಷದಲ್ಲಿ ಸೋಡಿಯಂ ಗೊತ್ತಾಗುತ್ತದೆ. ಜೊತೆಗೆ ಶುಗರ್ ನೋಡಲೇಬೇಕು. ಶುಗರ್ 500, 600 ಇರುವವರಲ್ಲಿ ಸಕ್ಕರೆಯೇ ನೀರನ್ನು ರಕ್ತಕ್ಕೆ ಎಳೆದು ಸೋಡಿಯಂ ಕಡಿಮೆ ಕಾಣಿಸುತ್ತದೆ. ಅದಕ್ಕೆ ಮದ್ದು ಬೇರೆ.

ಆಮೇಲೆ ರಕ್ತ ಮತ್ತು ಮೂತ್ರದ ಆಸ್ಮೊಲಾಲಿಟಿ, ಅಂದರೆ ಎರಡೂ ಎಷ್ಟು ಗಟ್ಟಿ ಅನ್ನುವ ಅಳತೆ. ರಕ್ತದ್ದು 275ಕ್ಕಿಂತ ಕಡಿಮೆ ಇದ್ದರೆ ರಕ್ತ ನಿಜಕ್ಕೂ ತೆಳುವಾಗಿದೆ. ಆಗ ಮೂತ್ರದ್ದು 100ಕ್ಕಿಂತ ಕಡಿಮೆ ಬಂದರೆ, ಕಿಡ್ನಿ ತನ್ನ ಕೈಲಾದಷ್ಟು ನೀರು ಹೊರದೂಡುತ್ತಿದೆ. ನೀರು ಮಿತಿಮೀರಿದೆ, ಇಲ್ಲವೇ ಊಟ ತೀರಾ ಸಾಲದಾಗಿದೆ. 100ಕ್ಕಿಂತ ಜಾಸ್ತಿ ಬಂದರೆ ಎಡಿಎಚ್ ಯಾಕೆ ಏರಿದೆ ಅಂತ ಹುಡುಕಬೇಕು. ಮೂತ್ರದ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಥೈರಾಯಿಡ್, ಕಾರ್ಟಿಸಾಲ್ ನೋಡುವುದು ಇದಕ್ಕೇ. ಸಾಧ್ಯವಾದರೆ ಮೂತ್ರದ ಸ್ಯಾಂಪಲ್ಲನ್ನು ಡ್ರಿಪ್ ಹಾಕುವ ಮೊದಲೇ ತೆಗೆದಿಡಬೇಕು, ಆಮೇಲೆ ತೆಗೆದರೆ ಚಿತ್ರ ಕಲಸಿಹೋಗುತ್ತದೆ. ಫಿಟ್ಸ್ ಬರುತ್ತಿದ್ದರೆ ಮಾತ್ರ ಯಾವ ರಿಪೋರ್ಟಿಗೂ ಕಾಯುವುದಿಲ್ಲ.

ಚಿಕಿತ್ಸೆ ಹೇಗೆ?

ಫಿಟ್ಸ್, ಎಚ್ಚರ ತಪ್ಪುವುದು, ಬಿಡದ ವಾಂತಿ ಇದ್ದರೆ 3 ಪರ್ಸೆಂಟ್ ಸಲೈನ್ 100 ಮಿಲಿ ಹತ್ತು ನಿಮಿಷದಲ್ಲಿ ಹಾಕುತ್ತಾರೆ. ಸರಿಹೋಗದಿದ್ದರೆ ಇನ್ನೂ ಎರಡು ಸಲ. ಕೆಲವು ಕಡೆ 150 ಮಿಲಿಯನ್ನು ಇಪ್ಪತ್ತು ನಿಮಿಷದಲ್ಲಿ ಹಾಕುವ ಪದ್ಧತಿ ಇದೆ. ಸೋಡಿಯಂ ನಾಲ್ಕರಿಂದ ಆರು ಅಂಕ ಏರಿದರೆ ಸಾಕು, ಮಿದುಳಿನ ಊತ ತಗ್ಗುತ್ತದೆ. ಅಲ್ಲಿಗೆ ಅವಸರ ಮುಗಿಯಿತು.

ಲಕ್ಷಣ ಸೌಮ್ಯವಾಗಿದ್ದರೆ ನೀರು ಕಡಿಮೆ ಮಾಡುವುದೇ ಮುಖ್ಯ ಚಿಕಿತ್ಸೆ. ದಿನಕ್ಕೆ ಸುಮಾರು ಒಂದು ಲೀಟರ್, ಎಲ್ಲಾ ಸೇರಿ. ಕಾರಣವಾದ ಮಾತ್ರೆಯನ್ನು ಡಾಕ್ಟರ್ ಬದಲಾಯಿಸುತ್ತಾರೆ. ಕೆಲವರಿಗೆ ಉಪ್ಪಿನ ಮಾತ್ರೆ, ಎಡಿಎಚ್ ತೊಂದರೆ ಇರುವ ಕೆಲವರಿಗೆ ಆ ಹಾರ್ಮೋನಿನ ಕೆಲಸ ತಡೆಯುವ ಟಾಲ್ವಾಪ್ಟಾನ್ ಮಾತ್ರೆ ಕೊಡುತ್ತಾರೆ. ಟಾಲ್ವಾಪ್ಟಾನನ್ನು ಆಸ್ಪತ್ರೆಯಲ್ಲಿಟ್ಟುಕೊಂಡೇ ಶುರುಮಾಡಬೇಕು.

ನಿನ್ನೆ 112 ಇತ್ತು, ಇವತ್ತು 118. ಇಷ್ಟು ನಿಧಾನ ಯಾಕೆ? ಒಂದೇ ದಿನ ನಾರ್ಮಲ್ ಮಾಡಬಾರದಾ?

ಮಾಡಬಾರದು. ಮನೆಯವರ ಚಡಪಡಿಕೆ ನನಗೆ ಅರ್ಥವಾಗುತ್ತದೆ. ಐಸಿಯು ಬಾಗಿಲಲ್ಲಿ ಕೂತವರಿಗೆ ಒಂದೊಂದು ದಿನವೂ ಭಾರ. ಆದರೆ ಈ ನಿಧಾನ ಬೇಕೆಂದೇ ಮಾಡುವುದು.

ಮೇಲೆ ಹೇಳಿದ ಹೊಂದಾಣಿಕೆ ನೆನಪಿದೆಯಲ್ಲ? ಎರಡು ದಿನಕ್ಕಿಂತ ಹೆಚ್ಚು ಕಾಲ ಸೋಡಿಯಂ ಕಡಿಮೆ ಇದ್ದರೆ ಮಿದುಳು ತನ್ನ ಲವಣ ಕಳೆದುಕೊಂಡು ಅದಕ್ಕೆ ಒಗ್ಗಿರುತ್ತದೆ. ಆಗ ರಕ್ತವನ್ನು ದಿಢೀರನೆ ಗಟ್ಟಿ ಮಾಡಿದರೆ ಮಿದುಳಿನ ಕೋಶಗಳಿಂದ ನೀರು ಹೊರಗೆ ಸೆಳೆಯಲ್ಪಟ್ಟು ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಇದು ತಕ್ಷಣ ಗೊತ್ತಾಗುವುದಿಲ್ಲ. ರೋಗಿ ಎದ್ದು ಕೂತು ಮಾತಾಡುತ್ತಾರೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎರಡರಿಂದ ಆರು ದಿನ ಕಳೆದ ಮೇಲೆ ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೈಕಾಲು ಬಿದ್ದುಹೋಗುತ್ತದೆ. ಕೆಲವರಿಗೆ ಅದು ಶಾಶ್ವತ. ಅದಕ್ಕೇ 24 ಗಂಟೆಯಲ್ಲಿ ಎಂಟು, ಹೆಚ್ಚೆಂದರೆ ಹತ್ತು ಅಂಕ, ಅದಕ್ಕಿಂತ ಜಾಸ್ತಿ ಏರಿಸುವುದಿಲ್ಲ. ಕುಡಿತ ಇರುವವರು, ಊಟವಿಲ್ಲದೆ ಸೊರಗಿದವರು, ಪೊಟ್ಯಾಸಿಯಂ ಕಡಿಮೆ ಇರುವವರು, ಲಿವರ್ ಕಾಯಿಲೆಯವರಲ್ಲಿ ಎಂಟನ್ನು ದಾಟದ ಹಾಗೆ ನೋಡಿಕೊಳ್ಳಬೇಕು. 112ರಿಂದ 118 ಅಂದರೆ ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆ ಅಂತಲೇ ಅರ್ಥ. ಬೆಳಗ್ಗೆ ಜಾಸ್ತಿ ನೀರು ಕುಡಿದು ಮಧ್ಯಾಹ್ನ ಬಿದ್ದವರಲ್ಲಿ, ಅಂದರೆ ಕೆಲವೇ ಗಂಟೆಯಲ್ಲಿ ಇಳಿದವರಲ್ಲಿ, ಈ ಭಯ ತೀರಾ ಕಡಿಮೆ.

ನೀರು ಜಾಸ್ತಿ ಕುಡಿದು ಬಂದವರಲ್ಲಿ ಇನ್ನೊಂದು ತೊಡಕಿದೆ. ನೀರು ನಿಲ್ಲಿಸಿದ ಕೂಡಲೇ ಅವರ ಕಿಡ್ನಿ ಧಾರಾಳವಾಗಿ ತಿಳಿಮೂತ್ರ ಸುರಿಸಲು ಶುರುಮಾಡುತ್ತದೆ. ನಾವೇನೂ ಹಾಕದಿದ್ದರೂ ಸೋಡಿಯಂ ತಾನೇ ಸರಸರ ಏರುತ್ತದೆ. ಅದಕ್ಕೇ ಸಿಸ್ಟರ್ ಗಂಟೆಗೊಮ್ಮೆ ಮೂತ್ರದ ಚೀಲ ಅಳೆಯುವುದು, ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುವುದು. "ಎಷ್ಟು ಸಲ ರಕ್ತ ತೆಗೀತೀರ" ಅಂತ ಬೇಜಾರಾಗಬೇಡಿ. ತೀರಾ ಬೇಗ ಏರುತ್ತಿದ್ದರೆ ಅದನ್ನು ತಡೆಯಲು ಡೆಸ್ಮೋಪ್ರೆಸಿನ್, ಮೇಲೆ ಬೇಡ ಅಂದ ಅದೇ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಕಬೇಕಾಗಿಯೂ ಬರಬಹುದು. ಆಗ ಗಾಬರಿಯಾಗಬೇಡಿ, ಅದು ಲೆಕ್ಕ ಹಾಕಿ ಕೊಡುವುದು.

ಓಆರ್‌ಎಸ್ ಕೊಟ್ಟರೆ ಸರಿಹೋಗಲ್ವಾ?

ಭೇದಿಗೆ ಓಆರ್‌ಎಸ್‌ಗಿಂತ ಒಳ್ಳೆಯ ಮದ್ದಿಲ್ಲ. ಆದರೆ ಸರಿಯಾಗಿ ಕಲಸಿದ ಒಂದು ಲೀಟರಿನಲ್ಲಿ ಸೋಡಿಯಂ 75 ಅಷ್ಟೇ ಇರುವುದು. ರಕ್ತಕ್ಕಿಂತ ತೆಳು. ನೀರು ತುಂಬಿ ಸೋಡಿಯಂ ಇಳಿದವರಿಗೆ ಅದನ್ನೇ ಲೀಟರುಗಟ್ಟಲೆ ಕುಡಿಸಿದರೆ ಉಪಯೋಗವಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ.

ಐದು ತಿಂಗಳ ಮಗುವಿಗೆ ಸೆಕೆ ಅಂತ ನೀರು ಕುಡಿಸಬಹುದಾ?

ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಬೇಸಿಗೆಯಲ್ಲೂ. ಪುಡಿ ಹಾಲು ಕೊಡುತ್ತಿದ್ದರೆ ಡಬ್ಬಿಯ ಮೇಲೆ ಬರೆದ ಅಳತೆಯಂತೆಯೇ ಕಲಸಿ. ಉಳಿತಾಯಕ್ಕೆಂದು ತೆಳ್ಳಗೆ ಮಾಡಿ ಕುಡಿಸಿದ ಕಂದಮ್ಮಗಳಿಗೆ ಫಿಟ್ಸ್ ಬರುವುದುಂಟು.

ಮ್ಯಾರಥಾನ್ ಓಡುತ್ತೇನೆ. ಪ್ರತಿ ಸ್ಟಾಲ್‌ನಲ್ಲೂ ನೀರು ಕುಡೀಬೇಕಾ?

ಬಾಯಾರಿದರೆ ಕುಡಿಯಿರಿ, ಸ್ಟಾಲ್ ಬಂತು ಅಂತ ಅಲ್ಲ. ದಕ್ಷಿಣ ಆಫ್ರಿಕಾದ ಡಾಕ್ಟರ್ ಟಿಮ್ ನೋಕ್ಸ್ ಮತ್ತು ಜೊತೆಗಾರರು 1985ರಲ್ಲೇ ಉದ್ದದ ಓಟದಲ್ಲಿ ಹೀಗಾಗುವುದನ್ನು ಬರೆದಿದ್ದರು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯ ಸೋಡಿಯಂ ಕಡಿಮೆ ಇತ್ತು. ಓಟದಲ್ಲಿ ತೂಕ ಏರಿದವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತಗೊಂಡವರಲ್ಲಿ ಜಾಸ್ತಿ ಕಂಡಿತು. ನಿಧಾನಕ್ಕೆ ಓಡುವವರಿಗೆ ಕುಡಿಯಲು ಸಮಯ ಹೆಚ್ಚು, ಬೆವರು ಕಡಿಮೆ. ಓಟದ ಮೊದಲು, ಆಮೇಲೆ ತೂಕ ನೋಡಿ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ.

ನಮ್ಮ ಅಣ್ಣನಿಗೆ ಮಾನಸಿಕ ಕಾಯಿಲೆ ಇದೆ. ದಿನವಿಡೀ ನೀರು ಕುಡೀತಾನೇ ಇರ್ತಾನೆ. ಬೈದರೂ ಕೇಳಲ್ಲ.

ಬೈಯಬೇಡಿ. ಅದು ಹಠವಲ್ಲ, ಕಾಯಿಲೆಯ ಭಾಗ. ಸ್ಕಿಜೋಫ್ರೀನಿಯಾ ಇರುವ ಕೆಲವರಲ್ಲಿ ತಡೆಯಲಾಗದ ಬಾಯಾರಿಕೆ, ಕುಡಿಯಲೇಬೇಕು ಅನ್ನುವ ಒತ್ತಡ ಇರುತ್ತದೆ. ಕೆಲವು ಮಾತ್ರೆಗಳಿಂದ ಬಾಯಿ ಒಣಗುವುದೂ ಉಂಟು. ಕುಡಿಯುವ ನೀರನ್ನು ಬಚ್ಚಿಟ್ಟರೆ ಬಚ್ಚಲ ನಲ್ಲಿಯಿಂದ ಕುಡಿಯುತ್ತಾರೆ.

ಮೊದಲು ಶುಗರ್, ಸೋಡಿಯಂ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯಲ್ಲೂ ಇಂಥ ಬಾಯಾರಿಕೆ ಬರುತ್ತದೆ. ಆಮೇಲೆ ಮನೆಯಲ್ಲಿ ಒಂದು ತೂಕದ ಮಷೀನ್ ಇಡಿ. ಬೆಳಗ್ಗೆ, ಸಂಜೆ ನಿಲ್ಲಿಸಿ ಬರೆದಿಡಿ. ಬೆಳಗ್ಗೆ 60 ಕೆ.ಜಿ. ಇದ್ದವರು ಸಂಜೆಗೆ 63 ಮುಟ್ಟಿದ್ದರೆ ಅದು ನೀರೇ, ಆ ದಿನವೇ ಸೋಡಿಯಂ ನೋಡಿಸಬೇಕು. ಆ ಪುಸ್ತಕವನ್ನು ಮನೋವೈದ್ಯರಿಗೆ ತೋರಿಸಿ, ಮಾತ್ರೆ ಬದಲಿಸಲು ಅವರಿಗೆ ಅದು ತುಂಬಾ ಉಪಯೋಗ. ಸಣ್ಣ ಲೋಟ, ಬಾಯಲ್ಲಿ ಐಸ್ ತುಂಡು, ಕೈಗೆ ಒಂದು ಕೆಲಸ, ಜೊತೆಗೊಬ್ಬರು. ಇವು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ?

ಒಂದು ಲೀಟರ್ ಮಿತಿ ಹಾಕಿದ್ದರೆ ಅದರಲ್ಲಿ ಕಾಫಿ, ಮಜ್ಜಿಗೆ, ಸಾರು, ಅಂಬಲಿ, ಮಾತ್ರೆ ನುಂಗುವ ನೀರು ಎಲ್ಲವೂ ಸೇರಿತು. ಬೆಳಗ್ಗೆ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಡಿ. ಕಾಫಿ ಕೊಟ್ಟಾಗ ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಹಾಕಿ. ಉಳಿದದ್ದೇ ಆ ದಿನದ ಪಾಲು. ಗಂಜಿ ಬಿಟ್ಟು ಬೇಳೆ, ಕಾಳು, ಮೊಟ್ಟೆ ಇರುವ ಊಟ ಕೊಡಿ. ನಿಲ್ಲಿಸಿದ ಬಿಪಿ ಮಾತ್ರೆಯನ್ನು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ತರಬೇಡಿ, ಹಳೇ ಚೀಟಿಯಲ್ಲಿ ಆ ಮಾತ್ರೆಯ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಹಾಕಿಸಿಕೊಳ್ಳಿ. ಡಾಕ್ಟರ್ ಹೇಳಿದ ದಿನ, ಸಾಮಾನ್ಯವಾಗಿ ಒಂದು ವಾರದೊಳಗೆ, ಸೋಡಿಯಂ ಮತ್ತೊಮ್ಮೆ ಮಾಡಿಸಿ. ಅಷ್ಟರೊಳಗೆ ಮಾತು ತೊದಲಿದರೆ, ನುಂಗುವುದು ಕಷ್ಟವಾದರೆ, ಮತ್ತೆ ಮಂಕಾದರೆ ಆ ದಿನಕ್ಕೆ ಕಾಯದೆ ವಾಪಸ್ ಕರೆತನ್ನಿ.